ಶನಿವಾರದ ಉಬ್ಬು

ನನ್ನ ಹುದ್ದೆಯ ಹೆಸರಿನಲ್ಲಿ ‘ಹಿರಿಯ’ ಎಂಬ ಶಬ್ದವಿದೆ: ಹಿರಿಯ ಅರ್ಥಶಾಸ್ತ್ರಜ್ಞೆ. ಬೆಲ್ಲದ ಬಾಗೇವಾಡಿಯಲ್ಲಿ ಮೊದಲ ಸಲ ಹೀಗೆ ಪರಿಚಯ ಹೇಳಿಕೊಂಡಾಗ, ಕಟ್ಟೆಯ ಮೇಲೆ ಕೂತಿದ್ದವರೊಬ್ಬರು ನನ್ನನ್ನು ದಾಟಿ ಜೀಪಿನೊಳಗೆ ಇಣುಕಿ, “ಹಿರೇರು ಇನ್ನಾ ಇಳದಿಲ್ಲೇನ್ರಿ?” ಎಂದು ಕೇಳಿದರು. ಜೀಪಿನಲ್ಲಿ ಇನ್ಯಾರೂ ಇರಲಿಲ್ಲ. ಅವರು ಬಹಳ ಹೊತ್ತು ಕಾದರು.

ಈ ಕೆಲಸಕ್ಕೆ ವಯಸ್ಸು ಬೇಕಿಲ್ಲ, ವಾದ ಬೇಕು ಎಂಬುದು ನನ್ನ ನಂಬಿಕೆ. ಹುಕ್ಕೇರಿಯಲ್ಲಿ ಶಾಲೆಗೆ ಹೋಗುತ್ತಿದ್ದಾಗಿನಿಂದ ಚರ್ಚಾಸ್ಪರ್ಧೆಗಳಲ್ಲಿ ನಿಂತು ಬೆಳೆದವಳು ನಾನು. ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ, ಎರಡಕ್ಕೂ ಬಹುಮಾನದ ಕಪ್. ಮನೆಯಲ್ಲಿ ಯಾರಾದರೂ “ಉಪ್ಪಿಟ್ಟು ಮಾಡ್ಲೇನ?” ಅಂದರೆ ಪ್ರಸ್ತಾಪದ ಆಧಾರವೇನು ಎಂದು ಕೇಳುತ್ತಿದ್ದೆ, ಆ ದಿನಗಳಲ್ಲಿ ಉಪವಾಸವಿದ್ದದ್ದೂ ಉಂಟು. ಇಂಥವಳಿಗೆ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಶೋಧನೆಗಿಂತ ಹೇಳಿ ಮಾಡಿಸಿದ ಕೆಲಸ ಬೇರೊಂದಿಲ್ಲ. ಬಡವರ ಬಗ್ಗೆ ಬಡವರಲ್ಲದವರು ಸಭೆ ನಡೆಸುವುದೇ ಈ ಕಸುಬು ಎಂಬ ಆಪಾದನೆ ಇದೆಯಲ್ಲ, ಅದನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ. ಆದರೆ ಸಭೆ ಸೇರುವುದಕ್ಕಿಂತ ಮೊದಲು ಯಾರಾದರೂ ಏನನ್ನಾದರೂ ಅಳೆದು ತರಬೇಕು ತಾನೆ? ಆ ಯಾರಾದರೂ ನಾನು.

ಈ ಸಲ ಅಳೆಯಬೇಕಾಗಿದ್ದದ್ದು ಜೋಳದ ಹಿಟ್ಟು. ಒಂದು ಮನೆ ವಾರಕ್ಕೆ ಎಷ್ಟು ಹಿಟ್ಟು ಬಳಸುತ್ತದೆ ಎಂದು ಜನರನ್ನೇ ಕೇಳಿ ಬರೆದುಕೊಳ್ಳುವುದು ಹಳೆಯ ಪದ್ಧತಿ. ಅದರಲ್ಲಿ ನನಗೆ ನಂಬಿಕೆಯಿಲ್ಲ. ಹತ್ತರಗಿಯಲ್ಲಿ ಒಬ್ಬಾಕೆ ನನಗೆ ಹೇಳಿದ್ದಳು: “ಹೋದ ವಾರದ್ದು ಯಾರ್ ನೆನಪ ಇಟ್ಟಾರ್ರಿ? ಉಂಡವರ ಹೊಟ್ಟಿನ ಕೇಳ್ರಿ.” ಹೊಟ್ಟೆಯನ್ನು ಕೇಳುವ ಉಪಕರಣವನ್ನು ನಮ್ಮ ಸಂಸ್ಥೆಯ ಕೇಂದ್ರ ಕಚೇರಿ ದೂರದೇಶದಿಂದ ಕಳಿಸಿತು. ನೋಡಲು ಸ್ಟೀಲ್ ಡಬ್ಬಿ. ತಳದಲ್ಲಿ ಒಂದು ಪುಟ್ಟ ತೂಕದ ಯಂತ್ರ. ಒಳಗಿರುವುದು ಎಷ್ಟು ಹೆಚ್ಚಿತು, ಎಷ್ಟು ಇಳಿಯಿತು ಎಂಬುದನ್ನು ಅದು ಸುಮ್ಮನೆ ಗುರುತಿಟ್ಟುಕೊಳ್ಳುತ್ತದೆ. ಮನೆಯವರು ಹಿಟ್ಟನ್ನು ಅದರಲ್ಲಿ ಇಟ್ಟುಕೊಂಡರೆ ಸಾಕು. ನಾವು ಕೇಳಬೇಕಾಗಿಲ್ಲ, ಅವರು ಹೇಳಬೇಕಾಗಿಲ್ಲ. ಪ್ರತಿ ಶನಿವಾರ ನಮ್ಮವರು ಹತ್ತರಗಿಗೂ ಬಾಗೇವಾಡಿಗೂ ಹೋಗಿ ಆ ಡಬ್ಬಿಯನ್ನು ಪಡೆದು, ಬದಲಿಗೆ ಇನ್ನೊಂದನ್ನು ಕೊಟ್ಟು ಬರಬೇಕು. ತಂದ ಡಬ್ಬಿಗಳಿಂದ, ಮುಚ್ಚಳ ತೆರೆಯದೆಯೇ, ಲೆಕ್ಕ ಇಳಿಸಿಕೊಂಡು ಕೇಂದ್ರ ಕಚೇರಿಗೆ ಕಳಿಸುವುದು ಗೋಕಾಕದ ನಮ್ಮ ಕಚೇರಿಯ ಕೆಲಸ. ಕಚೇರಿ ಎಂದರೆ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ನಾನು ಅಲ್ಲಿಂದ ಬರೆದ ವರದಿಗಳಿಗೆಲ್ಲ ಯೂರಿಯಾದ ವಾಸನೆ ಇರುತ್ತಿತ್ತು.

ಶನಿವಾರದ ತಿರುಗಾಟವನ್ನು ನೋಡಿಕೊಳ್ಳುತ್ತಿದ್ದವಳು ಮೂಡಲಗಿಯ ಒಬ್ಬ ಮೇಲ್ವಿಚಾರಕಿ. ನನಗಿಂತ ಸ್ವಲ್ಪ ಚಿಕ್ಕವಳು, ಮದುವೆಯಾದವಳು, ಸ್ಕೂಟಿಯನ್ನು ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ ನುಗ್ಗಿಸುವುದರಲ್ಲಿ ಹೆದರಿಕೆಯೇ ಇಲ್ಲದವಳು. ಆಕೆಗೆ ಇದ್ದ ಹೆದರಿಕೆ ಒಂದೇ. ಅವಳ ಕೆಲಸ ವರ್ಷದ ಒಪ್ಪಂದದ್ದು. ಅದು ಮುಂದುವರಿಯದಿದ್ದರೆ ಮೂಡಲಗಿ ಪೇಟೆಯಲ್ಲಿರುವ ಭಾವನ ಸೀರೆ ಅಂಗಡಿಯಲ್ಲಿ ಕೂರಬೇಕೆಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು.

“ಅಂಗಡಿ ಏನ್ ಕೆಟ್ಟದು?” ಎಂದು ನಾನು ಅಭ್ಯಾಸಬಲದಿಂದ ವಿರೋಧ ಪಕ್ಷ ವಹಿಸಿದೆ.

“ಮ್ಯಾಡಂ, ಬಂದವರು ಎಲ್ಲಾ ಸೀರಿ ಬಿಚ್ಚಸ್ತಾರ, ‘ಇದ ಬಣ್ಣದಾಗ ಬ್ಯಾರೆ ಬಣ್ಣ ಐತೇನ್ರಿ’ ಅಂತಾರ, ಎದ್ದ ಹೋಗ್ತಾರ. ನಾ ಮಡಚಬೇಕು. ಮಡಚೂದ್ರಾಗ ಮತ್ತೊಬ್ಬರು ಬರ್ತಾರ. ನೀವು ಒಂದ್ ದಿನಾ ಕೂತ ನೋಡ್ರಿ, ಆಮ್ಯಾಲ ಚರ್ಚಾ ಮಾಡೂಣಂತ.”

ನಾನು ವಿಷಯ ಬದಲಿಸಿದೆ.

ಹೀಗಿರುವಾಗ ಕೇಂದ್ರ ಕಚೇರಿಯಲ್ಲಿ ಒಂದು ಸಂಭ್ರಮ ಎದ್ದಿತು. ನಮ್ಮ ಡಬ್ಬಿಗಳ ನಕ್ಷೆಯಲ್ಲಿ ಅವರಿಗೆ ಒಂದು ವಿಚಿತ್ರ ಕಂಡಿತ್ತು. ವಾರವಿಡೀ ತೂಕ ನಿಧಾನಕ್ಕೆ ಇಳಿಯುತ್ತ ಬರುತ್ತದೆ, ಶನಿವಾರ ಬೆಳಿಗ್ಗೆ ಸೊನ್ನೆಗೆ ಮುಟ್ಟುತ್ತದೆ, ಆಮೇಲೆ ಸ್ವಲ್ಪ ಹೊತ್ತಿನಲ್ಲೇ ಧಡ್ಡನೆ ಏರುತ್ತದೆ. ಎಲ್ಲ ಮನೆಗಳಲ್ಲೂ ಇದೇ ಕಥೆ. ಅಲ್ಲಿನ ಹಿರಿಯ ಸಹೋದ್ಯೋಗಿಯೊಬ್ಬರು ಇದಕ್ಕೆ ‘ಶನಿವಾರದ ಉಬ್ಬು’ ಎಂದು ಹೆಸರಿಟ್ಟರು. ಅವರು ನಿಜಕ್ಕೂ ಹಿರಿಯರು, ತಲೆ ಬೆಳ್ಳಗಿತ್ತು. ಕೂಲಿ ಬಟವಾಡೆಯ ದಿನದ ಕೊಳ್ಳುವಿಕೆ, ವಾರಾಂತ್ಯದ ಅಭದ್ರತೆ, ಭವಿಷ್ಯದ ಭಯದಿಂದ ಹುಟ್ಟುವ ಸಂಗ್ರಹ ಪ್ರವೃತ್ತಿ ಎಂದೆಲ್ಲ ವಿವರಣೆ ಕಟ್ಟಿದರು. ಯಾವುದೋ ಸಭೆಯಲ್ಲಿ ಉಬ್ಬನ್ನು ತೋರಿಸಿ ಚಪ್ಪಾಳೆಯನ್ನೂ ಪಡೆದರು. ತಾವೇ ಬಂದು ಉಬ್ಬನ್ನು ಕಣ್ಣಾರೆ ನೋಡುವುದಾಗಿಯೂ, ಅದೇ ಪ್ರಯಾಣದಲ್ಲಿ ಮೇಲ್ವಿಚಾರಕಿಯ ಒಪ್ಪಂದಕ್ಕೆ ಸಹಿ ಹಾಕುವುದಾಗಿಯೂ ಬರೆದರು.

ನನಗೆ ಅನುಮಾನ. ಎಲ್ಲರೂ ಒಂದೇ ದಿನ ಒಂದೇ ಹೊತ್ತಿಗೆ ಭವಿಷ್ಯಕ್ಕೆ ಹೆದರುವ ಊರು ಯಾವುದಿದೆ? ಅವರು ಬರುವುದಕ್ಕೆ ಮುಂಚಿನ ಶನಿವಾರ ನಾನೇ ಜೀಪು ಹತ್ತಿ ಮೇಲ್ವಿಚಾರಕಿಯ ಜೊತೆ ಹೊರಟೆ. ಅವಳು ಆ ದಿನ ಎಂದೂ ಇಲ್ಲದಷ್ಟು ಗಂಭೀರವಾಗಿದ್ದಳು. ಹತ್ತರಗಿಯಲ್ಲಿ ಕೆಲಸ ಮುಗಿಸಿ, ಡಬ್ಬಿಗಳನ್ನು ಹಿಂದೆ ಜೋಡಿಸಿಕೊಂಡು ಹೆದ್ದಾರಿ ಬಿಟ್ಟು ಬಾಗೇವಾಡಿಗೆ ಹೊರಳುವಾಗ ಒಂದು ಡಬ್ಬಿ ಉರುಳಿ ಮುಚ್ಚಳ ಬಿಚ್ಚಿತು. ಒಳಗಿನಿಂದ ಶೇಂಗಾ ಹೋಳಿಗೆಗಳು ಒಂದರ ಹಿಂದೊಂದು ಜಾರಿ ನನ್ನ ಕಾಲ ಹತ್ತಿರ ಬಂದು ನಿಂತವು.

ನಾನು ಇನ್ನೊಂದು ಡಬ್ಬಿ ತೆರೆದೆ. ಬೆಲ್ಲ ಬೆರೆಸಿದ ಪುಡಿಪುಡಿ ಮಾದಲಿ. ಮತ್ತೊಂದು. ಗುರೆಳ್ಳು ಹಿಂಡಿ, ಹೊಸದಾಗಿ ಕುಟ್ಟಿದ ಚಟ್ನಿಪುಡಿ. ಮತ್ತೊಂದರಲ್ಲಿ ಖಡಕ್ ರೊಟ್ಟಿ, ಮುರಿಯಬಾರದೆಂದು ಸುತ್ತ ಹಳೇ ಬಟ್ಟೆ.

“ಏನಿದು?” ಎಂದೆ.

“ಉಬ್ಬು ರಿ,” ಎಂದಳು ಮೇಲ್ವಿಚಾರಕಿ, ಹೊರಗೆ ಕಬ್ಬು ನೋಡುತ್ತ.

ಅವಳು ಹೇಳಿದ್ದು ಇಷ್ಟು. ಮೊದಲ ಶನಿವಾರ ಡಬ್ಬಿ ಕೇಳಿದಾಗ ಮನೆಯವರು ಹಿಟ್ಟನ್ನು ಬೇರೆಡೆಗೆ ಸುರಿದುಕೊಂಡರು. ತೂಕ ಸೊನ್ನೆ. ಆದರೆ ಇನ್ನೊಬ್ಬರ ಡಬ್ಬಿಯನ್ನು ಖಾಲಿ ವಾಪಸು ಕೊಡುವುದು ನಮ್ಮ ಕಡೆ ಯಾವ ಮನೆಯಲ್ಲೂ ಇಲ್ಲ. ನೆರೆಮನೆಯಿಂದ ಪಲ್ಯ ಬಂದ ಬಟ್ಟಲು ಕೂಡ ಹೋಗುವಾಗ ಏನನ್ನಾದರೂ ಹೊತ್ತೇ ಹೋಗಬೇಕು. ಹಾಗಾಗಿ ತುಂಬಿಸಿ ಕೊಟ್ಟರು. ತೂಕ ಧಡ್ಡನೆ ಏರಿತು. ನಮ್ಮ ಸಂಸ್ಥೆಯ ನಿಯಮ ಖಡಾಖಂಡಿತ: ಅಧ್ಯಯನದ ಮನೆಗಳಿಂದ ಏನನ್ನೂ ಪಡೆಯಬಾರದು, ಏನನ್ನೂ ಕೊಡಬಾರದು, ತಪ್ಪಿದರೆ ಒಪ್ಪಂದ ರದ್ದು. ಆದರೆ ಅವಳೂ ಇದೇ ನೀರು ಕುಡಿದು ಬೆಳೆದವಳು. ಮುಂದಿನ ಶನಿವಾರ ಆ ಡಬ್ಬಿಯನ್ನು ಖಾಲಿ ಹೇಗೆ ಕೊಟ್ಟಾಳು? ಹತ್ತರಗಿಯ ಮಾದಲಿಯನ್ನು ಬಾಗೇವಾಡಿಗೆ, ಬಾಗೇವಾಡಿಯ ಹಿಂಡಿಯನ್ನು ಹತ್ತರಗಿಗೆ ಕೊಟ್ಟಳು.

“ನಾ ಒಂದ್ ತುತ್ತೂ ತಿಂದಿಲ್ರಿ ಮ್ಯಾಡಂ. ಬರೇ ಸಾಗಿಸೇನಿ.”

“ಒಂದ್ ತುತ್ತೂ ಇಲ್ಲ?”

“ಹಿಂಡಿ ರುಚಿ ನೋಡೇನ್ರಿ. ಕೆಟ್ಟಿತ್ತಂದ್ರ ಕೊಡಾಕ ಬರೂದಿಲ್ಲಲ್ರಿ.”

ಅಲ್ಲಿಗೇ ನಿಂತಿದ್ದರೆ ಕ್ಷಮಿಸಬಹುದಿತ್ತು. ಎರಡೂ ಊರುಗಳಿಗೆ ಇದು ಚಟವಾಗಿತ್ತು. ಅದೇ ದಿನ ಬಾಗೇವಾಡಿಯ ಓಣಿಯಲ್ಲಿ ನನ್ನ ಕಿವಿಯಾರೆ ಕೇಳಿದೆ: “ಹೋದ ವಾರದ್ದು ಹೋಳಿಗಿ ಯಾರ್ ಮನಿದು? ಬೆಲ್ಲಾ ಹಾಕಾಕ ಕೈ ಹಿಡದಾರ. ಹತ್ತರಗಿ ಮಂದಿ ಅಂದ್ರ ಅಷ್ಟ.” ಅವಮಾನ ತೊಳೆಯಲು ಹತ್ತರಗಿಯವರು ಮುಂದಿನ ವಾರ ತುಪ್ಪ ಸುರಿದು ಕಳಿಸುತ್ತಿದ್ದರು. ಊರವರ ಆಹಾರವನ್ನು ಅಳೆಯಲು ಹೋದ ನಾವು ಎರಡು ಊರಿನ ನಡುವೆ ಅಡುಗೆಯ ಪಂದ್ಯ ಹಚ್ಚಿ, ಅದರ ಬೆವರನ್ನು ತೂಕ ಮಾಡಿ, ಅಭದ್ರತೆ ಎಂದು ಹೆಸರಿಟ್ಟು ದೂರದೇಶಕ್ಕೆ ಕಳಿಸುತ್ತಿದ್ದೆವು.

ನೀವು ಕೇಳಬಹುದು: ಸತ್ಯ ತಿಳಿದ ಮೇಲೆ ಆ ಕ್ಷಣವೇ ಬರೆದು ತಿಳಿಸಬೇಕಿತ್ತಲ್ಲ? ತಿಳಿಸಿದರೆ ಉಬ್ಬಿನ ಜೊತೆಗೆ ಮೇಲ್ವಿಚಾರಕಿಯೂ ಹೋಗುತ್ತಾಳೆ. ನಾನೊಂದು ಹಾದಿ ಹುಡುಕಿದೆ. ಉಬ್ಬಿಗೆ ಹೆಸರಿಟ್ಟ ಸಾಹೇಬರು ಬರುವ ಶನಿವಾರ ಎಲ್ಲರೂ ಖಾಲಿ ಡಬ್ಬಿ ಕೊಡಲಿ. ಉಬ್ಬು ಎಲ್ಲಿ ಎಂದು ಅವರು ಕೇಳಿದರೆ, ಇಲ್ಲ ಎಂದು ನಾನು ಹೇಳುತ್ತೇನೆ. ಅದು ಸುಳ್ಳಲ್ಲ. ವಾದದ ದೃಷ್ಟಿಯಿಂದ ನಿರ್ದುಷ್ಟ.

ಬಾಗೇವಾಡಿಯ ಓಣಿಯಲ್ಲಿ ಒಬ್ಬ ಅಜ್ಜಿ ಒಪ್ಪಿದರೆ ಎಲ್ಲರೂ ಒಪ್ಪಿದ ಹಾಗೆ. ಹಣೆಯ ತುಂಬ ವಿಭೂತಿ, ಮಾತಿನ ತುಂಬ ಪ್ರಶ್ನೆ. ನಾನು ಆಕೆಯ ಪಡಸಾಲೆಯಲ್ಲಿ ಕೂತು ವಿಷಯ ಮಂಡಿಸಿದೆ.

“ಖಾಲಿ ಕೊಡು ಅಂತಿಯಲ್ಲ ತಂಗಿ, ನಿಮ್ಮವ್ವ ಖಾಲಿ ಡಬ್ಬಿ ಕೊಡ್ತಾಳೇನ?”

“ಇದು ಡಬ್ಬಿ ಅಲ್ಲ ಅಜ್ಜಿ, ಉಪಕರಣ.”

“ಮುಚ್ಚಳ ಐತೋ ಇಲ್ಲೋ?”

“ಐತ್ರಿ.”

“ತಳಾ ಐತೋ ಇಲ್ಲೋ?”

“ಐತ್ರಿ.”

“ನಡುವ ಜಾಗಾ?”

“ಐತ್ರಿ. ಆದ್ರ...”

“ಮತ್ತ ಡಬ್ಬಿನ ಅದು. ನೀ ಉಪಕರಣ ಅಂದ್ರ ಅದೇನ್ ನಾಚಿಕೊಂಡ ಬ್ಯಾರೆ ಆಗತೈತೇನ?”

ನಾನು ನನ್ನ ಒಳ್ಳೆಯ ಬಾಣ ಹೊರತೆಗೆದೆ. “ಗ್ಯಾಸ್ ಸಿಲಿಂಡರ್ ಖಾಲಿನ ವಾಪಸ್ ಕೊಡ್ತೀರಿಲ್ಲೋ? ಅದೂ ಇನ್ನೊಬ್ಬರದ.”

ಅಜ್ಜಿ ಸೆರಗು ಸರಿಮಾಡಿಕೊಂಡರು. ಒಳಗಿನಿಂದ ಸೊಸೆ ಇಣುಕಿದಳು. ಗೆದ್ದೆ ಎಂದುಕೊಂಡೆ.

“ಅದಕ್ಕ ಬಾಯಿ ಎಲ್ಲೈತಿ ತುಂಬಸಾಕ? ಬಾಯಿ ದೊಡ್ಡದ ಮಾಡಿ ಕಳಸಾಕ ಹೇಳು, ತುಂಬಸ್ತೀನಿ. ಮ್ಯಾಲ ಸಿಲಿಂಡರ್ ತರಾಂವಗ ಚಾ ಕೊಡ್ತೀನಿ, ಅದು ಲೆಕ್ಕಕ್ಕ ಬರೂದಿಲ್ಲೇನ?”

ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಗಂಟೆ ಬಾರಿಸಿರುತ್ತಿದ್ದರು. ಇಲ್ಲಿ ಗಂಟೆ ಬಾರಿಸುವವರು ಯಾರು? ನಾನು ವಾದ ಬಿಟ್ಟು ಇದ್ದದ್ದನ್ನು ಹೇಳಿದೆ: ಹೀಗೆ ತುಂಬಿಸಿ ಕೊಡುವುದು ಗೊತ್ತಾದರೆ ಈ ಹುಡುಗಿಯ ಕೆಲಸ ಹೋಗುತ್ತದೆ.

ಅಜ್ಜಿ ಮೇಲ್ವಿಚಾರಕಿಯನ್ನು ನೋಡಿದರು, ಆಮೇಲೆ ನನ್ನನ್ನು. “ಇದನ್ನ ಮೊದಲ ಹೇಳಾಕ ಏನಾಗಿತ್ತು? ಸಿಲಿಂಡರ್ ತನಕ ಯಾಕ ಹೋದಿ? ಆತು ಬಿಡು. ಬರೂ ಶನಿವಾರ ಒಂದಿನಾ ಖಾಲಿ ಕೊಡ್ತೀವಿ. ಓಣಿಗೆಲ್ಲಾ ನಾ ಹೇಳ್ತೀನಿ.”

ಸಾಹೇಬರು ಬಂದರು. ಬಹಳ ಎತ್ತರದ ಮನುಷ್ಯ, ಬಹಳ ವಿನಯವಂತರು. ಜೀಪಿನೊಳಗೆ ಮಡಚಿ ಕೂರಿಸಬೇಕಾಯಿತು. ಕನ್ನಡ ಬರುತ್ತಿರಲಿಲ್ಲ, ಅನುವಾದ ನನ್ನ ಪಾಲಿಗೆ ಬಂತು. ದಾರಿಯುದ್ದಕ್ಕೂ ಉಬ್ಬಿನ ಬಗ್ಗೆ ಮಾತಾಡಿದರು, ಹೊಸದಾಗಿ ಹುಟ್ಟಿದ ಮೊಮ್ಮಗುವಿನ ಬಗ್ಗೆ ಮಾತಾಡುವಂತೆ. ಮೇಲ್ವಿಚಾರಕಿ ತನ್ನ ಒಪ್ಪಂದದ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗೆ ಅವುಚಿಕೊಂಡು ಹಿಂದೆ ಕೂತಿದ್ದಳು.

ಅಜ್ಜಿಯ ಮನೆಯ ಮುಂದೆ ಇಳಿದಾಗ ಓಣಿಯ ಡಬ್ಬಿಗಳೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಬೆಳಗಿ ತೊಳೆದಿದ್ದರು. ಸಾಹೇಬರು ಮೊದಲನೆಯದನ್ನು ತೆರೆದು ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ನಾನೂ ಇಣುಕಿದೆ. ತಳದಲ್ಲಿ ನಾಲ್ಕೈದು ಜೋಳದ ಕಾಳು.

ಎರಡನೆಯದರಲ್ಲಿ ಚಿಟಿಕೆ ಸಕ್ಕರೆ. ಮೂರನೆಯದರಲ್ಲಿ ಉಗುರಿನಷ್ಟು ಬೆಲ್ಲ. ಅದರ ಪಕ್ಕದ್ದರಲ್ಲಿ ಒಂದೇ ಒಂದು ಶೇಂಗಾ, ಅದೂ ಸುಲಿದಿದ್ದು.

“ಅಜ್ಜಿ, ಖಾಲಿ ಕೊಡ್ತೀವಿ ಅಂದಿದ್ರಿ,” ಎಂದೆ, ಹಲ್ಲು ಕಚ್ಚಿಕೊಂಡು.

“ಖಾಲಿನ ಐತಲ್ಲ. ಕಾಳ ಅಷ್ಟ ಹಾಕೇವಿ. ಅದೂ ಇಲ್ದ ಹೆಂಗ ಕೊಡಾಕ ಬರತೈತಿ?”

ಸಾಹೇಬರ ಮುಖ ಅರಳಿತು. ಇದು ಕೊನೆಯ ಮುಷ್ಟಿಯ ಮೀಸಲು, ಇದೇ ಅಭದ್ರತೆಯ ಗುರುತು ಎಂದು ನನಗೆ ಹೇಳತೊಡಗಿದರು. ಕಾಳುಗಳ ಬಗ್ಗೆ ಅಜ್ಜಿ ಏನನ್ನುತ್ತಾರೆ ಕೇಳಿ ಎಂದರು. ನಾನು ಕೇಳಿದೆ. ಕೇಳಬಾರದಿತ್ತು.

“ಹೇಳು ಆ ಉದ್ದನ್ ಸಾಹೇಬ್ರಿಗೆ,” ಎಂದರು ಅಜ್ಜಿ. “ನೀ ಬ್ಯಾಡ ಅಂದೀ ಅಂತ ಈ ವಾರ ಇಷ್ಟ ಹಾಕೇವಿ. ಇಲ್ಲಂದ್ರ ವಾರಾ ವಾರಾ ತುಂಬಿಸೇ ಕೊಡೂದು. ಮತ್ತ ಈ ಹುಡುಗಿ ಭಾಳ ಚಲೋ ಮನಿತನದಾಕಿ. ಒಂದ್ ವಾರ ಖಾಲಿ ತಂದಾಕಿ ಅಲ್ಲ. ಹೋಳಿಗಿ ತಂದಾಳ, ಮಾದಲಿ ತಂದಾಳ. ನಾವು ಕೊಟ್ಟದ್ದು ಒಂದೂ ಬ್ಯಾಡ ಅಂದಿಲ್ಲ. ಇಂಥಾಕಿನ್ನ ಕೆಲಸದಿಂದ ತಗದ್ರ ದೇವರು ಮೆಚ್ಚೂದಿಲ್ಲ ಅಂತ ಹೇಳು.”

ಇದಕ್ಕಿಂತ ಒಳ್ಳೆಯ ಶಿಫಾರಸು ಯಾರಿಗೂ ಸಿಕ್ಕಿರಲಾರದು. ಒಂದೊಂದು ವಾಕ್ಯವೂ ನಿಯಮದ ಒಂದೊಂದು ಉಲ್ಲಂಘನೆ. ಮೇಲ್ವಿಚಾರಕಿ ನನ್ನ ಬೆನ್ನಿಗೆ ಬೆರಳಿನಿಂದ ಚುಚ್ಚಿದಳು. ಹೇಳು ಎಂದೋ, ಹೇಳಬೇಡ ಎಂದೋ, ತಿಳಿಯಲಿಲ್ಲ. ಹವಾಮಾನದ ಬಗ್ಗೆ ಅಜ್ಜಿ ಏನೋ ಅಂದರು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಆ ಕಾಳುಗಳನ್ನು ಅಭದ್ರತೆ ಎಂದು ಕರೆದದ್ದು ನನಗೆ ತಡೆಯಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅನುವಾದಿಸಿದೆ. ದೇವರನ್ನೂ ಬಿಡಲಿಲ್ಲ.

ಸಾಹೇಬರು ಕಟ್ಟೆಯ ಮೇಲೆ, ಡಬ್ಬಿಗಳ ಸಾಲಿನ ಕೊನೆಗೆ ಕೂತುಬಿಟ್ಟರು. “ಹಾಗಾದರೆ ಶನಿವಾರ ಏನೂ ಇಲ್ಲವೇ?” ಎಂದು ಮೆಲ್ಲಗೆ ಕೇಳಿದರು.

ಮೇಲ್ವಿಚಾರಕಿಗೆ ಪಾಪ ಅನ್ನಿಸಿತು. ತನಗೆ ಬರುವ ಇಂಗ್ಲಿಷಿನಲ್ಲಿ, ಇದೆ ಸರ್, ಶೇಂಗಾ ಹೋಳಿಗೆ ಇದೆ ಎಂದು ಸಮಾಧಾನ ಮಾಡಿದಳು.

ಆದರೆ ನಿಯಮ ನಿಯಮವೇ. ಒಪ್ಪಂದ ಮುಂದುವರಿಸುವುದು ಕಷ್ಟ ಎಂದರು ಸಾಹೇಬರು. ನಾನು ಟೊಂಕ ಕಟ್ಟಿ ನಿಂತೆ. ಉಡುಗೊರೆ ಎಂದರೆ ಏನು, ಪಡೆಯುವುದು ಎಂದರೆ ಏನು, ಸಾಗಿಸಿದವಳು ಪಡೆದವಳಾಗುತ್ತಾಳೆಯೇ, ಪ್ರತಿ ಶನಿವಾರವನ್ನೂ, ಡಬ್ಬಿ ತುಂಬಲು ಅಡುಗೆ ಮಾಡುವ ಹಿಂದಿನ ಶುಕ್ರವಾರವನ್ನೂ ಕಿತ್ತುಹಾಕಿದರೆ ಉಳಿದ ದಿನಗಳ ಲೆಕ್ಕ ನಿಲ್ಲುವುದಿಲ್ಲವೇ ಎಂದು ಪಾಯಿಂಟು ಮೇಲೆ ಪಾಯಿಂಟು ಹಾಕಿದೆ. ಅವರು ಪ್ರತಿಯೊಂದಕ್ಕೂ ತಲೆಯಾಡಿಸಿದರು. ತಲೆ ಆಡುತ್ತಿತ್ತು, ಮನಸ್ಸು ಆಡಲಿಲ್ಲ. ಅಜ್ಜಿ ಸೊಸೆಗೆ ಹೇಳುವುದು ಕೇಳಿಸಿತು: “ಈಕಿ ಮತ್ತ ಸಿಲಿಂಡರ್ ತನಕ ಹೊಂಟಾಳ ನೋಡು.”

ಆಗ ಮೇಲ್ವಿಚಾರಕಿ ನನ್ನನ್ನು ಬದಿಗೆ ಸರಿಸಿದಳು. “ಮ್ಯಾಡಂ, ನಾ ಹೇಳಿದ್ದಷ್ಟ ಅವರಿಗೆ ಹೇಳ್ರಿ. ನಡುವ ನಿಮ್ಮದು ಸೇರಸಬ್ಯಾಡ್ರಿ.”

ಒಪ್ಪಿದೆ.

“ನನ್ನ ತಗದು ಯಾರ್ನ ಇಡ್ತೀರಿ ಸರ್? ಈ ಕಡಿಯಾಕಿನ್ನ ಇಟ್ರ ಆಕಿನೂ ತುಂಬಿಸೇ ಕೊಡ್ತಾಳ. ಹೊರಗಿನಾಕಿನ್ನ ಇಟ್ರ ನಿಮ್ಮ ನಿಯಮ ಪಾಲಸ್ತಾಳ, ಖಾಲಿ ಕೊಡ್ತಾಳ, ಅದರ ಮುಂದಿನ ಶನಿವಾರ ಯಾರೂ ಬಾಗ್ಲಾ ತಗಿಯಂಗಿಲ್ಲ. ನಾ ಬೇಕೋ ಬ್ಯಾಡೋ ಆಮ್ಯಾಲ ನೋಡ್ರಿ. ನಿಮಗ ಹಿಟ್ಟಿನ ಲೆಕ್ಕಾ ಬೇಕೋ ಬ್ಯಾಡೋ, ಮೊದಲ ಅದನ್ನ ಹೇಳ್ರಿ.”

ಅನುವಾದಿಸುತ್ತಿದ್ದ ಹಾಗೆ ನನಗೆ ಹೊಟ್ಟೆಯುರಿ. ಇಷ್ಟು ಕಪ್ ಗೆದ್ದವಳಿಗೆ ಈ ಮಾತು ಯಾಕೆ ಹೊಳೆಯಲಿಲ್ಲ? ಅವಳಿಗೆ ಹೊಳೆಯದೆ ಬೇರೆ ದಾರಿ ಇರಲಿಲ್ಲ, ಹೋಗುತ್ತಿದ್ದದ್ದು ಅವಳ ಕೆಲಸ.

ಸಾಹೇಬರು ಸಾಲಾಗಿದ್ದ ಡಬ್ಬಿಗಳನ್ನು ನೋಡಿದರು, ತೆರೆದಿದ್ದ ಬಾಗಿಲುಗಳನ್ನು ನೋಡಿದರು. ಅಜ್ಜಿಯ ಸೊಸೆ ಅಷ್ಟರಲ್ಲಿ ಚಹಾ ತಂದು ಹಿಡಿದಳು. ಅವರು ಲೋಟವನ್ನು ಪಡೆದುಕೊಂಡರು. ಪಡೆದುಕೊಂಡ ಮೇಲೆ ತಾವೇನು ಮಾಡಿದೆವೆಂದು ಅವರಿಗೆ ಹೊಳೆದಿರಬೇಕು, ಕೈ ಅಲ್ಲೇ ನಿಂತಿತು. ನಾನು ಏನೋ ಹೇಳಲು ಬಾಯಿ ತೆರೆದೆ. ಮೇಲ್ವಿಚಾರಕಿ ನನ್ನ ಕಾಲು ತುಳಿದಳು. ಅವರು ಚಹಾ ಕುಡಿದರು.

ಪ್ಲಾಸ್ಟಿಕ್ ಕವರಿನಿಂದ ಹಾಳೆಗಳು ಹೊರಬಂದವು. ಡಬ್ಬಿಯೊಂದನ್ನು ಬೋರಲು ಹಾಕಿ, ಅದರ ಮೇಲಿಟ್ಟು ಸಹಿ ಮಾಡಿದರು. ನಿಯಮದ ಪಕ್ಕದಲ್ಲಿ ಕೈಯಿಂದ ಒಂದು ಸಾಲು ಸೇರಿಸಿದರು: ವಾಪಸು ಬರುವ ಪಾತ್ರೆಯೊಳಗೆ ಇರುವುದನ್ನು ಉಡುಗೊರೆ ಎಂದು ಎಣಿಸತಕ್ಕದ್ದಲ್ಲ. ಉಬ್ಬನ್ನು ವರದಿಯಿಂದ ತೆಗೆದುಹಾಕುವುದಾಗಿ ನನಗೆ ಮಾತು ಕೊಟ್ಟರು. ಮಾತಿನಂತೆ ತೆಗೆದರು ಕೂಡ. ಚಪ್ಪಾಳೆ ಹೊಡೆದವರಿಗೆಲ್ಲ ಏನು ಹೇಳಿದರೋ ನನಗೆ ಗೊತ್ತಿಲ್ಲ.

ಗೋಕಾಕಕ್ಕೆ ತಿರುಗಿ ಹೊರಡುವಾಗ ಜೀಪಿನಲ್ಲಿ ಮೇಲ್ವಿಚಾರಕಿ ಮುಂದಿನ ಸೀಟಿನಲ್ಲಿ ಕೂತಳು. ಕೇಳಿ ಕೂತದ್ದಲ್ಲ. ಸ್ವಲ್ಪ ದೂರ ಹೋದ ಮೇಲೆ ಹಿಂದೆ ತಿರುಗದೆ ಹೇಳಿದಳು:

“ಮ್ಯಾಡಂ, ಇನ್ ಮ್ಯಾಲ ಶನಿವಾರ ನೀವು ಬರೂದು ಬ್ಯಾಡ್ರಿ.”

“ಯಾಕ?”

“ನೀವು ಬಂದ್ರ ಮಾತು ಭಾಳ ಆಗತಾವು. ಡಬ್ಬಿ ತಿರುಗೂದು ತಡಾ ಆಗತೈತಿ.”

ಪ್ರಸ್ತಾಪಕ್ಕೆ ವಿರೋಧವಾಗಿ ನನ್ನಲ್ಲಿ ಒಳ್ಳೊಳ್ಳೆಯ ಅಂಶಗಳಿದ್ದವು. ಆದರೆ ಅವಳ ಒಪ್ಪಂದಕ್ಕೆ ಸಹಿ ಬಿದ್ದಿತ್ತು, ಶನಿವಾರ ಅವಳ ಅಧಿಕಾರಕ್ಕೆ ಸೇರಿತ್ತು. ಅಂದಿನಿಂದ ನಾನು ಶನಿವಾರ ಕಚೇರಿಯಲ್ಲೇ ಇರುತ್ತೇನೆ.